ಹಕ್ಕಿ ಪಾಠ ಹೇಳಲಿ, ನೀವು ಸುಮ್ನಿರಿ: ಪಾಯಿಂಟರ್ ಮರಿಯ ಮೊದಲ ಹಂಟಿಂಗ್ ಟೆಸ್ಟ್

ಮಿಶಿಗನ್‌ನ ನೋವೈ, ಕ್ಯಾಂಟನ್, ಟ್ರಾಯ್ ಕಡೆ ನನಗೆ ಪರಿಚಯದ ಕನ್ನಡದ ಮನೆಗಳಲ್ಲೇ ವಿಜ್ಲಾ, ಜರ್ಮನ್ ಶಾರ್ಟ್‌ಹೇರ್ಡ್ ಪಾಯಿಂಟರ್ ತಳಿಯ ನಾಯಿಮರಿ ತಂದವರಿದ್ದಾರೆ. ನೋಡೋಕೆ ಚೆಂದ, ಕೂದಲು ಚಿಕ್ಕದು, ಮಕ್ಕಳ ಜೊತೆ ಒಳ್ಳೆಯದು ಅಂತ ತರುತ್ತಾರೆ. ಕೆಲವು ತಿಂಗಳು ಕಳೆದ ಮೇಲೆ ನನಗೆ ಫೋನ್ ಬರುತ್ತದೆ. "ಅಕ್ಕಾ, ಎಷ್ಟು ಓಡಿಸಿದರೂ ಸುಸ್ತೇ ಆಗಲ್ಲ ಇದಕ್ಕೆ. ಹಿತ್ತಲಲ್ಲಿ ಗುಬ್ಬಿ ಕೂತರೆ ಒಂದು ಕಾಲೆತ್ತಿಕೊಂಡು ನಿಂತುಬಿಡುತ್ತೆ, ಕರೆದರೂ ಬರಲ್ಲ." ಅದರ ಕಸುಬೇ ಅದು ಕಣಪ್ಪಾ, ಜೂನಿಯರ್ ಹಂಟರ್ ಟೆಸ್ಟ್‌ಗೆ ಹೆಸರು ಕೊಡು ಅಂತೀನಿ. ಆಮೇಲೆ ಹೇಗೆ ತಯಾರು ಮಾಡೋದು ಅಂತ ಕೇಳುತ್ತಾರೆ. ಪ್ರತಿ ಸಲ ಫೋನಲ್ಲಿ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಡುತ್ತಿದ್ದೇನೆ.

ನನ್ನದು ತಿಪಟೂರು ಕಡೆ. ಮನೆಯಲ್ಲಿ ಮೊಟ್ಟೆಯನ್ನೂ ತರದ ಜನ. ಹಾಗಾಗಿ "ಬೇಟೆ" ಅಂದ ತಕ್ಷಣ ಅಮ್ಮ ಮುಖ ಗಂಟಿಕ್ಕಿದರು. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ: ಜೂನಿಯರ್ ಮಟ್ಟದಲ್ಲಿ ಹಕ್ಕಿ ಹೊಡೆಯುವುದಿಲ್ಲ. ನಾಯಿ ಹಕ್ಕಿಯನ್ನು ಹುಡುಕಿ, ವಾಸನೆ ಸಿಕ್ಕ ಜಾಗದಲ್ಲಿ ನಿಂತು ತೋರಿಸುತ್ತದೆ, ಇದಕ್ಕೇ ಪಾಯಿಂಟ್ ಅನ್ನೋದು. ನೀವು ಹೋಗಿ ಹಕ್ಕಿ ಎಬ್ಬಿಸುತ್ತೀರಿ, ಖಾಲಿ ತೋಟಾ ಹಾಕಿದ ಪಿಸ್ತೂಲಿನಿಂದ ಒಂದು ಸದ್ದು ಮಾಡುತ್ತೀರಿ, ಹಕ್ಕಿ ಹಾರಿ ಹೋಗುತ್ತದೆ. ಹೊಡೆಯೋದು, ತರಿಸೋದು ಎಲ್ಲ ಮುಂದಿನ ಹಂತ, ಸೀನಿಯರ್ ಮತ್ತು ಮಾಸ್ಟರ್‌ನಲ್ಲಿ. "ಹಿಡಿಯೋದೇ ಇಲ್ಲ ಅಂದಮೇಲೆ ಅದೆಂಥಾ ಬೇಟೆ" ಅಂತ ಅಮ್ಮ ಈಗ ನಗುತ್ತಾರೆ. ಒಂದು ಎಚ್ಚರ: ಊರಿನಲ್ಲಿರುವ ಓದುಗರು ಇದನ್ನು ಹೊಲದ ಕೌಜುಗ, ಬುರ್ಲಿ ಹಕ್ಕಿ ಮೇಲೆ ಮಾಡಲು ಹೋಗಬೇಡಿ. 1972ರ ವನ್ಯಜೀವಿ ಕಾಯ್ದೆ ಇದೆ.

ಮೊದಲು ಟೆಸ್ಟ್‌ನಲ್ಲಿ ಏನು ಕೇಳುತ್ತಾರೆ ಅಂತ ತಿಳಿದುಕೊಳ್ಳಿ. ಅಮೆರಿಕನ್ ಕೆನಲ್ ಕ್ಲಬ್‌ನ (ಎಕೆಸಿ) ಟೆಸ್ಟ್‌ಗೆ ನಾಯಿಗೆ ಕನಿಷ್ಠ 6 ತಿಂಗಳಾಗಿರಬೇಕು. ಎರಡೆರಡು ನಾಯಿ ಜೋಡಿಯಾಗಿ ಬಿಡುತ್ತಾರೆ. ಓಟ 15 ನಿಮಿಷಕ್ಕೆ ಕಮ್ಮಿ ಇರುವುದಿಲ್ಲ, 30 ದಾಟುವುದಿಲ್ಲ. ನೋಡುವವರು ಇಬ್ಬರು ಜಡ್ಜ್. ನಾಲ್ಕು ವಿಷಯಕ್ಕೆ ಅಂಕ ಇದೆ: ಹುಡುಕಾಟ, ಹಕ್ಕಿ ಪತ್ತೆ ಮಾಡುವ ಶಕ್ತಿ, ಪಾಯಿಂಟ್, ಮತ್ತೆ ಮಾತು ಕೇಳುವ ಗುಣ. ಒಂದೊಂದಕ್ಕೆ 10. ಯಾವುದರಲ್ಲೂ 5ಕ್ಕಿಂತ ಕೆಳಗಿಳಿಯಬಾರದು, ಸರಾಸರಿ 7 ಇರಬೇಕು. ಅಂದರೆ 40ಕ್ಕೆ 28. ಹೀಗೆ ನಾಲ್ಕು ಟೆಸ್ಟ್ ಪಾಸಾದರೆ ಹೆಸರಿನ ಹಿಂದೆ ಜೆಎಚ್ (ಜೂನಿಯರ್ ಹಂಟರ್) ಸೇರುತ್ತದೆ. ಬೇರೆ ನಾಯಿಯನ್ನು ಸೋಲಿಸಬೇಕಾಗಿಲ್ಲ, ಅದು ಫೀಲ್ಡ್ ಟ್ರಯಲ್ ಅನ್ನೋ ಸ್ಪರ್ಧೆಯಲ್ಲಿ. ಇಲ್ಲಿ ಎಲ್ಲರೂ ಪಾಸಾಗಬಹುದು, ಎಲ್ಲರೂ ಫೇಲಾಗಬಹುದು.

ಈ ಪಟ್ಟಿಯಲ್ಲಿ ಏನಿಲ್ಲ ಅಂತ ನೋಡಿ. ಹಕ್ಕಿ ಹಾರಿದಾಗ ನಾಯಿ ಅಲ್ಲಾಡದೆ ನಿಲ್ಲಬೇಕು ಅಂತಿಲ್ಲ. ಅಟ್ಟಿಸಿಕೊಂಡು ಓಡಲಿ, ತೊಂದರೆ ಇಲ್ಲ. ಹಕ್ಕಿ ತಂದು ಕೈಗೆ ಕೊಡಬೇಕು ಅಂತಿಲ್ಲ. ಇನ್ನೊಂದು ನಾಯಿ ಪಾಯಿಂಟ್ ಮಾಡಿದಾಗ ಹಿಂದೆ ನಿಂತು ಮರ್ಯಾದೆ ಕೊಡಬೇಕು ಅಂತಿಲ್ಲ. ಕೇಳೋದು ಇಷ್ಟು: ಹುಮ್ಮಸ್ಸಿನಿಂದ ಹುಡುಕು, ಹಕ್ಕಿ ಕಂಡುಹಿಡಿ, ನಿನ್ನ ಯಜಮಾನರು ಬಂದೂಕಿನ ಅಳತೆಗೆ ಬರುವ ತನಕ ನಿಲ್ಲು, ಸದ್ದಿಗೆ ಹೆದರಬೇಡ, ಕರೆದರೆ ಅಷ್ಟಿಷ್ಟು ಕೇಳು. ಇದರಲ್ಲಿ ಮುಕ್ಕಾಲು ಪಾಲು ಮರಿ ಹುಟ್ಟುವಾಗಲೇ ತಂದಿರುತ್ತದೆ. ಜೂನಿಯರ್‌ಗೆ ನಿಮ್ಮ ಕೆಲಸ ಅದನ್ನು ಕೆಡಿಸದೆ ಇರೋದು. ಸಾಫ್ಟ್‌ವೇರ್‌ನಲ್ಲಿರುವ ನಮ್ಮವರಿಗೆ ಇದೇ ಕಷ್ಟ. ದಿನಾ ಏನಾದರೂ ಕಲಿಸಬೇಕು, ಶೀಟ್‌ನಲ್ಲಿ ಟಿಕ್ ಹಾಕಬೇಕು ಅನ್ನಿಸುತ್ತದೆ.

ನಾವ್ಡಾ ಅಂತ ಇನ್ನೊಂದು ಸಂಸ್ಥೆ ಇದೆ. ಅವರ ನ್ಯಾಚುರಲ್ ಎಬಿಲಿಟಿ ಟೆಸ್ಟ್‌ನಲ್ಲಿ ನೀರಿಗಿಳಿದು ಈಜೋದು, ಫೆಸೆಂಟ್ ಹಕ್ಕಿ ನಡೆದ ಜಾಡು ಹಿಡಿಯೋದು ಕೂಡ ಇದೆ. 16 ತಿಂಗಳು ದಾಟಿದ ನಾಯಿಗೆ ಬಹುಮಾನ ಇಲ್ಲ. ಮರಿ ಚಿಕ್ಕದಿದ್ದರೆ ಅದನ್ನೂ ವಿಚಾರಿಸಿ. ನಾನು ಇಲ್ಲಿ ಹೇಳುವುದು ಎಕೆಸಿ ಜೂನಿಯರ್ ಬಗ್ಗೆ ಮಾತ್ರ.

ಮೊದಲ ತಿಂಗಳುಗಳು: ನಡೆಸಿ, ಅಷ್ಟೇ

ನನ್ನ ಶಾರ್ಟ್‌ಹೇರ್ ಹೆಣ್ಣು ಚುಕ್ಕಿ. ಕಂದು ತಲೆ, ಮೈತುಂಬಾ ಚುಕ್ಕೆ, ಅದಕ್ಕೇ ಆ ಹೆಸರು. ಐದಾರು ತಿಂಗಳವರೆಗೆ ಅವಳಿಗೆ ಕಲಿಸಿದ್ದು ಹೆಸರು, ಕರೆದರೆ ಬರೋದು, ಕ್ರೇಟ್‌ನಲ್ಲಿ ಮಲಗೋದು. ಉಳಿದದ್ದೆಲ್ಲ ನಡಿಗೆ. ಎತ್ತರದ ಹುಲ್ಲು, ಕೆಸರು, ಮೊಣಕಾಲುದ್ದದ ನೀರು, ಬಿದ್ದ ಮರದ ದಿಮ್ಮಿ ಎಲ್ಲ ದಾಟಿಸಿ. ನೀವು ಒಂದು ಕಡೆಗೆ ತಿರುಗಿ ಮಾತಾಡದೆ ನಡೆಯಿರಿ. ಮರಿ ಮುಂದೆ ಹೋಗಿ ಹಿಂತಿರುಗಿ ನೋಡುತ್ತದೆ, ನೀವು ತಿರುಗಿದ್ದು ಕಂಡು ಅದೂ ತಿರುಗುತ್ತದೆ. ನಿಮ್ಮ ಮುಂದೆ ಅಡ್ಡಡ್ಡ ಓಡಿ ಹುಡುಕುವ ಅಭ್ಯಾಸ ಹೀಗೆ ತಾನಾಗಿ ಬರುತ್ತದೆ. ಪ್ರತಿ ನಿಮಿಷಕ್ಕೂ "ಬಾ ಬಾ" ಅಂದರೆ ಮರಿ ಕಾಲ ಹತ್ತಿರವೇ ಸುತ್ತುತ್ತದೆ, ಹುಡುಕಾಟದ ಅಂಕ ಅಲ್ಲೇ ಹೋಯಿತು.

"ಬಾ" ಅಂದೆ ಅಲ್ವಾ, ಅದರ ಬಗ್ಗೆ ಒಂದು ಮಾತು. ಮನೆಯಲ್ಲಿ ಇಡೀ ದಿನ "ಬಾ ಊಟಕ್ಕೆ", "ಬಾರೋ ಇಲ್ಲಿ" ನಡೆಯುತ್ತಿರುತ್ತದೆ. ನಾಯಿ ಆ ಶಬ್ದಕ್ಕೆ ಕಿವಿ ಕೊಡುವುದನ್ನೇ ಬಿಟ್ಟಿರುತ್ತದೆ. ಕರೆಯೋಕೆ ವಿಷಲ್ ಇಟ್ಟುಕೊಳ್ಳಿ. ಎರಡು ಚಿಕ್ಕ ಊದು, ಬಂದರೆ ತಿಂಡಿ. ನಿಲ್ಲಿಸೋಕೆ "ನಿಲ್ಲು" ಒಳ್ಳೆಯದು. ಟೆಸ್ಟ್ ದಿನ ಜೊತೆಯವರು ಇಂಗ್ಲಿಷಲ್ಲಿ ಎಷ್ಟೇ ಕೂಗಿದರೂ ನಿಮ್ಮ ನಾಯಿಗೆ ಗೊಂದಲ ಆಗುವುದಿಲ್ಲ. ಈ "ನಿಲ್ಲು" ಅನ್ನು ಹಿತ್ತಲಲ್ಲಿ, ಊಟದ ಬಟ್ಟಲಿನ ಮುಂದೆ ಕಲಿಸಿ. ಹಕ್ಕಿಯ ಹತ್ತಿರ ಸದ್ಯಕ್ಕೆ ಆ ಪದ ಬೇಡ.

ಕೋಲಿಗೆ ದಾರ ಕಟ್ಟಿ, ತುದಿಗೆ ಹಕ್ಕಿ ರೆಕ್ಕೆ ಕಟ್ಟಿ ಮರಿಯನ್ನು ಪಾಯಿಂಟ್ ಮಾಡಿಸುವ ಆಟ ಎಲ್ಲರಿಗೂ ಇಷ್ಟ, ಫೋಟೋ ಚೆನ್ನಾಗಿ ಬರುತ್ತದೆ. ಒಂದೆರಡು ಸಲ ಸಾಕು. ಜಾಸ್ತಿ ಆಡಿಸಿದರೆ ಮರಿ ಕಣ್ಣಿನಿಂದ ಹುಡುಕುವುದನ್ನು ಕಲಿಯುತ್ತದೆ. ನಮ್ಮ ಮುಧೋಳ ನಾಯಿ ಕಣ್ಣಿನ ಬೇಟೆಗಾರ, ಪ್ರಾಣಿ ಕಂಡರೆ ಓಡಿ ಹಿಡಿಯಬೇಕು. ಪಾಯಿಂಟರ್ ಕೆಲಸ ಮೂಗಿನದು, ಕಾಣದ ಹಕ್ಕಿಗೆ ನಿಲ್ಲಬೇಕು.

ಪಾರಿವಾಳವೇ ಮೇಷ್ಟ್ರು

ಮರಿಗೆ ಆರೇಳು ತಿಂಗಳು, ಧೈರ್ಯವಾಗಿ ಹುಲ್ಲಿಗೆ ನುಗ್ಗುತ್ತದೆ ಅಂದಾಗ ಹಕ್ಕಿ ಕೆಲಸ ಶುರು. ಸಾಕಿದ ಪಾರಿವಾಳ ಸಿಕ್ಕಿದರೆ ಎಲ್ಲಕ್ಕಿಂತ ಒಳ್ಳೆಯದು, ಹಾರಿಬಿಟ್ಟರೆ ತಾವೇ ಗೂಡಿಗೆ ವಾಪಸ್ ಹೋಗುತ್ತವೆ. ಜೊತೆಗೆ ಲಾಂಚರ್ ಬೇಕು. ಅಂದರೆ ಹಕ್ಕಿಯನ್ನು ಒಳಗಿಟ್ಟು ರಿಮೋಟ್ ಒತ್ತಿದರೆ ಸ್ಪ್ರಿಂಗ್ ಬಿಚ್ಚಿ ಮೇಲಕ್ಕೆ ಹಾರಿಸುವ ಪೆಟ್ಟಿಗೆ. ಬೆಲೆ ಜಾಸ್ತಿ. ಹತ್ತಿರದ ತಳಿ ಕ್ಲಬ್‌ಗೆ ಸೇರಿದರೆ ಯಾರಾದರೂ ಕೊಡುತ್ತಾರೆ. ಟೆಸ್ಟ್‌ನಲ್ಲಿ ಸಾಮಾನ್ಯವಾಗಿ ಫಾರ್ಮ್‌ನಲ್ಲಿ ಬೆಳೆಸಿದ ಬಾಬ್‌ವೈಟ್ ಕ್ವೇಲ್ ಅಥವಾ ಚುಕರ್ ಇಡುತ್ತಾರೆ. ಒಂದು ನಮ್ಮ ಬುರ್ಲಿಯನ್ನು ಹೋಲುವ ಹಕ್ಕಿ, ಇನ್ನೊಂದು ಕೌಜುಗದ ಕಡೆಯದು. ಕೊನೆಕೊನೆಗೆ ಅವುಗಳ ಮೇಲೂ ಅಭ್ಯಾಸ ಆಗಬೇಕು. ಕಾಡುಹಕ್ಕಿ ಮೊಟ್ಟೆಯಿಡುವ ಕಾಲದಲ್ಲಿ ಬಯಲಿನಲ್ಲಿ ನಾಯಿ ತರಬೇತಿಗೆ ಬಹಳ ರಾಜ್ಯಗಳಲ್ಲಿ ತಡೆ ಇದೆ. ನಿಮ್ಮ ರಾಜ್ಯದ ನ್ಯಾಚುರಲ್ ರಿಸೋರ್ಸಸ್ ಇಲಾಖೆಯ ನಿಯಮ ಓದಿಕೊಂಡೇ ಹೋಗಿ.

ಈಗ ಗಾಳಿ. ಇದೊಂದು ಅರ್ಥವಾದರೆ ಅರ್ಧ ಕೆಲಸ ಮುಗಿದ ಹಾಗೆ. ಹಕ್ಕಿಯ ವಾಸನೆ ಅದು ಕೂತ ಜಾಗದಿಂದ ಗಾಳಿ ಹೋಗುವ ಕಡೆಗೆ, ಊದುಬತ್ತಿ ಹೊಗೆಯ ಹಾಗೆ, ಮೊದಲು ಸಣ್ಣ ಎಳೆಯಾಗಿ ಆಮೇಲೆ ಅಗಲವಾಗಿ ಹರಡುತ್ತದೆ. ಮರಿಯನ್ನು ಹಕ್ಕಿಯ ಕಡೆಗೆ ನೇರವಾಗಿ ನಡೆಸಬೇಡಿ. ಗಾಳಿಗೆ ಅಡ್ಡವಾಗಿ, ಹಕ್ಕಿಯಿಂದ ಇಪ್ಪತ್ತು ಗಜ ದೂರದಲ್ಲಿ, ಗಾಳಿ ಹೋಗುವ ಕಡೆಗೆ ಕರೆದುಕೊಂಡು ಹೋಗಿ. ಆಗ ಅದು ಒಂದೇ ಹೆಜ್ಜೆಯಲ್ಲಿ ವಾಸನೆಯೊಳಗೆ ಕಾಲಿಡುತ್ತದೆ. ಕೊರಳಿಗೆ ಮೂವತ್ತು ಅಡಿಯ ಹಗ್ಗ ಇರಲಿ. ಎಳೆಯೋಕಲ್ಲ, ಸುಮ್ನೆ ನೆಲದಲ್ಲಿ ಹರಿಯುತ್ತಿರಲಿ. ಕೈಗೆ ಗ್ಲೌಸ್ ಹಾಕಿಕೊಳ್ಳಿ, ಓಡುವ ಹಗ್ಗ ಅಂಗೈ ಸುಡುತ್ತದೆ.

ಚುಕ್ಕಿಗೆ ವಾಸನೆ ಸಿಕ್ಕಾಗ ನೋಡಬೇಕು. ದೇಹ ಎಡಕ್ಕೆ ಓಡುತ್ತಿರುತ್ತದೆ, ತಲೆ ಮಾತ್ರ ಗಕ್ಕನೆ ಬಲಕ್ಕೆ ತಿರುಗುತ್ತದೆ. ಹಿಂದಿನ ಕಾಲು ಇನ್ನೂ ಜಾರುತ್ತಿರುವಾಗಲೇ ಮುಂದಿನ ಕಾಲು ನೆಟ್ಟಿರುತ್ತದೆ. ಬಾಲ ಎರಡು ಸಲ ಅದುರಿ ನಿಲ್ಲುತ್ತದೆ. ಬಾಯಿ ಮುಚ್ಚುತ್ತದೆ, ಕೆನ್ನೆ ಮಾತ್ರ ಒಳಗೆ ಹೊರಗೆ ಆಡುತ್ತಿರುತ್ತದೆ. ಗಾಳಿಯನ್ನು ತಿನ್ನುತ್ತಿದ್ದಾಳೇನೋ ಅನ್ನಿಸಬೇಕು.

ಈ ಹೊತ್ತಿನಲ್ಲಿ ನೀವು ಮಾಡಬೇಕಾದ್ದು: ಬಾಯಿ ಮುಚ್ಚಿಕೊಂಡಿರೋದು. "ಗುಡ್ ಗರ್ಲ್" ಬೇಡ, "ನಿಲ್ಲು ನಿಲ್ಲು" ಬೇಡ. ಅವಳಾಗಿ ನಿಂತಿದ್ದಾಳೆ. ಒಂದು ಹೆಜ್ಜೆ ಮುಂದಿಟ್ಟರೆ ರಿಮೋಟ್ ಒತ್ತಿ. ಹಕ್ಕಿ ಹಾರಿತು, ಅವಳು ಅಟ್ಟಿಸಿಕೊಂಡು ಓಡಿದಳು, ಸಿಗಲಿಲ್ಲ, ವಾಪಸ್ ಬಂದಳು. ಬೈಗುಳ ಇಲ್ಲ. ನಾಲ್ಕೈದು ಹಕ್ಕಿ ಹೀಗೆ ಹೋದಮೇಲೆ ಮರಿ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ: ಮುಂದೆ ಹೋದರೆ ಹಕ್ಕಿ ಹಾರುತ್ತೆ, ನಿಂತರೆ ಅಲ್ಲೇ ಇರುತ್ತೆ. ಈ ಪಾಠವನ್ನು ಯಾವ ತರಬೇತುದಾರನೂ ಹಕ್ಕಿಯಷ್ಟು ಚೆನ್ನಾಗಿ ಹೇಳಲಾರ. ಹಕ್ಕಿಯ ಹತ್ತಿರ ಬೈಸಿಕೊಂಡ ಮರಿ ಬೇರೆಯೇ ಲೆಕ್ಕ ಹಾಕುತ್ತದೆ. ಹಕ್ಕಿ ಇರುವ ಕಡೆ ಹೋದರೆ ಏಟು ಅಂತ. ಆಮೇಲೆ ವಾಸನೆ ಸಿಕ್ಕರೂ ಗೊತ್ತೇ ಇಲ್ಲದವರ ಹಾಗೆ ಪಕ್ಕಕ್ಕೆ ಹೋಗಿಬಿಡುತ್ತದೆ. ಅದನ್ನು ಸರಿಮಾಡೋದು ಬಹಳ ಕಷ್ಟ.

ಮರಿ ನಿಲ್ಲೋಕೆ ಶುರು ಮಾಡಿದ ಮೇಲೆ ನಿಮ್ಮ ನಡಿಗೆ ಸೇರಿಸಿ. ಹಗ್ಗದ ತುದಿ ಇನ್ನೊಬ್ಬರ ಕೈಯಲ್ಲಿರಲಿ. ನೀವು ಹಿಂದಿನಿಂದ ನೇರವಾಗಿ ಬರಬೇಡಿ. ಹಿಂದಿನಿಂದ ಬಂದ ಹೆಜ್ಜೆ ಸಪ್ಪಳಕ್ಕೆ ಮರಿ ಮುಂದಕ್ಕೆ ನುಗ್ಗುತ್ತದೆ. ಪಕ್ಕದಿಂದ, ಅವಳ ಕಣ್ಣಿಗೆ ಬೀಳುವ ಹಾಗೆ ಅಗಲವಾಗಿ ಸುತ್ತಿ ಬನ್ನಿ. ನಿಂತಿರುವಾಗ ಒಮ್ಮೊಮ್ಮೆ ಹತ್ತಿರ ಹೋಗಿ ಪಕ್ಕೆ ಸವರಿ, ಹಿಂಭಾಗವನ್ನು ಮೆಲ್ಲಗೆ ಹಕ್ಕಿಯ ಕಡೆಗೆ ತಳ್ಳಿ. ತಳ್ಳಿದಷ್ಟೂ ಅವಳು ಹಿಂದಕ್ಕೆ ಒತ್ತಿ ಗಟ್ಟಿಯಾಗುತ್ತಾಳೆ. ಕೈಗೆ ಆ ಬಿಗಿ ತಿಳಿಯುತ್ತದೆ. ಜೂನಿಯರ್‌ಗೆ ಬೇಕಾದ್ದು ಇದೇ, ನೀವು ಬರುವವರೆಗೆ ತಡೆಯುವ ಶಕ್ತಿ. ಬಾಲ ಅಲ್ಲಾಡಿಸುತ್ತಾ ನಿಂತರೆ ಹಕ್ಕಿ ಎಲ್ಲಿದೆ ಅಂತ ಅವಳಿಗೇ ಖಾತ್ರಿ ಇಲ್ಲ ಅಂತಲೋ, ಅಥವಾ ನಿಮ್ಮ ಗಡಿಬಿಡಿಗೆ ಹೆದರಿದ್ದಾಳೆ ಅಂತಲೋ ತಿಳಿಯಿರಿ.

ಲಾಂಚರ್ ಬಿಟ್ಟು ಹುಲ್ಲಲ್ಲಿ ಕ್ವೇಲ್ ಇಟ್ಟಾಗ ಎರಡು ತಾಪತ್ರಯ. ಮೊದಲನೆಯದು, ಮರಿ ಜಾಣ, ನಿಮ್ಮ ಕಾಲಿನ ಜಾಡು ಹಿಡಿದು ಹಕ್ಕಿಯ ತನಕ ಹೋಗುತ್ತದೆ. ನಡೆದುಹೋಗಿ ಇಡುವ ಬದಲು ದೂರದಿಂದ ಎಸೆಯಿರಿ, ಬೇರೆ ಕಡೆಯೂ ಸುಮ್ನೆ ನಡೆದಾಡಿ ಬನ್ನಿ. ಎರಡನೆಯದು, ಫಾರ್ಮ್ ಹಕ್ಕಿ ಸೋಮಾರಿಯಾದರೆ ಹಾರದೆ ನಡೆಯುತ್ತದೆ, ಮರಿ ಹಿಡಿದುಬಿಡುತ್ತದೆ. ಒಮ್ಮೆ ಬಾಯಿಗೆ ಸಿಕ್ಕಿದರೆ ನಿಲ್ಲುವ ಲೆಕ್ಕಾಚಾರವೆಲ್ಲ ತಲೆಕೆಳಗು. ಚೆನ್ನಾಗಿ ಹಾರುವ ಹಕ್ಕಿಗೆ ಎರಡು ಡಾಲರ್ ಜಾಸ್ತಿ ಕೊಟ್ಟರೂ ಪರವಾಗಿಲ್ಲ.

ಒಂದು ಬೆಳಗ್ಗೆಗೆ ಎರಡು ಮೂರು ಹಕ್ಕಿ ಸಾಕು. ಮರಿಗೆ ಇನ್ನೂ ಬೇಕು ಅನ್ನಿಸುವಾಗಲೇ ಕಾರಿಗೆ ಹತ್ತಿಸಿ.

ಸದ್ದು

ಗುಂಡಿನ ಸದ್ದಿಗೆ ಹೆದರುವ ನಾಯಿ ಹುಟ್ಟೋದು ಅಪರೂಪ, ಹಾಗೆ ಮಾಡೋದು ನಾವೇ. ಮರಿ ಹಕ್ಕಿಯನ್ನು ಹುಚ್ಚೆದ್ದು ಅಟ್ಟಿಸಿಕೊಂಡು ಹೋಗುವ ತನಕ ಪಿಸ್ತೂಲು ಮನೆಯಲ್ಲೇ ಇರಲಿ. ಆಮೇಲೂ ಮೊದಲ ದಿನ ದೂರ, ನೂರು ಗಜ. ಪಾರಿವಾಳ ಹಾರಿ, ಚುಕ್ಕಿ ಅದರ ಹಿಂದೆ ಪೂರ್ತಿ ಓಟದಲ್ಲಿರುವಾಗ ನಾನು ಕೈ ಎತ್ತುತ್ತಿದ್ದೆ. ಅಷ್ಟು ದೂರದಲ್ಲಿ ನಮ್ಮನೆಯವರು .22 ಖಾಲಿ ತೋಟಾ ಒಂದೇ ಒಂದು ಹೊಡೆಯುತ್ತಿದ್ದರು. ಅವರು ನಾಯಿ ವಿಷಯಕ್ಕೆ ಬರುವುದು ಅಷ್ಟಕ್ಕೇ, ಮತ್ತೆ ಫ್ಲಾಸ್ಕಿನ ಕಾಫಿಗೆ. ನಾನು ನೋಡುತ್ತಿದ್ದುದು ಕಿವಿ ಮತ್ತು ಬಾಲ. ಏನೂ ಬದಲಾಗಲಿಲ್ಲ ಅಂದರೆ ಸರಿ. ದಿನಕ್ಕೆ ಒಂದು ಸದ್ದು, ಮುಂದಿನ ಸಲ ಸ್ವಲ್ಪ ಹತ್ತಿರ. ಓಟ ನಿಧಾನವಾದರೆ, ತಿರುಗಿ ನೋಡಿದರೆ, ನಿಮ್ಮ ಕಾಲಿಗೆ ಬಂದರೆ ಪಿಸ್ತೂಲು ಒಳಗಿಡಿ. ಕೆಲವು ವಾರ ಬರೀ ಹಕ್ಕಿ. ಆ ಹೊತ್ತಿಗೆ ಎತ್ತಿ ಮುದ್ದು ಮಾಡಿ ಸಮಾಧಾನ ಮಾಡಬೇಡಿ, ಏನೂ ಆಗಿಲ್ಲದ ಹಾಗೆ ನಡೆಯಿರಿ.

ಅಭ್ಯಾಸ ಆಗಲಿ ಅಂತ ಶೂಟಿಂಗ್ ರೇಂಜ್‌ಗೆ ಕರೆದುಕೊಂಡು ಹೋಗುವವರಿದ್ದಾರೆ. ದಯವಿಟ್ಟು ಬೇಡ. ಜುಲೈ 4ರ ರಾತ್ರಿ, ಅಮೆರಿಕದ ಸ್ವಾತಂತ್ರ್ಯ ದಿನದ ಪಟಾಕಿ ಹೊತ್ತಿಗೆ, ಮರಿ ನೆಲಮಾಳಿಗೆಯಲ್ಲಿ, ಟಿವಿ ಜೋರಾಗಿ ಹಾಕಿಕೊಂಡು ಇರಲಿ. ನಮ್ಮ ದೀಪಾವಳಿಗೂ ಅದೇ ಮಾತು, ಮಕ್ಕಳು ಪಟಾಕಿ ಹಚ್ಚುವ ಡ್ರೈವ್‌ವೇಗೆ ಅದನ್ನು ತರಬೇಡಿ.

ಜೋಡಿ, ಕುದುರೆ, ಸೆಕೆ

ಟೆಸ್ಟ್‌ಗೆ ಮುಂಚೆ ಬೇರೆ ನಾಯಿಯ ಜೊತೆ ಓಡಿಸಿ ಅಭ್ಯಾಸ ಆಗಿರಬೇಕು, ಆದರೆ ದಿನಾ ಬೇಡ. ದೊಡ್ಡ ನಾಯಿಯ ಜೊತೆ ಜಾಸ್ತಿ ಬಿಟ್ಟರೆ ಮರಿ ಅದರ ಬಾಲ ಹಿಡಿದು ಹೋಗುತ್ತದೆ, ಸ್ವಂತ ಹುಡುಕಾಟ ಇಲ್ಲ. ಕೆಲವು ಕಡೆ ಜಡ್ಜ್‌ಗಳು ಕುದುರೆ ಮೇಲೆ ಬರುತ್ತಾರೆ. ನಮ್ಮ ಕಡೆ ಹೈಲ್ಯಾಂಡ್, ಅಯೋನಿಯಾ ರಿಕ್ರಿಯೇಷನ್ ಏರಿಯಾಗಳಲ್ಲಿ ಬರ್ಡ್ ಡಾಗ್‌ಗಳಿಗೆಂದೇ ಫೀಲ್ಡ್ ಟ್ರಯಲ್ ಮೈದಾನ ಇವೆ. ಟ್ರಯಲ್ ನಡೆಯುವಾಗ ಒಂದು ದಿನ ಸುಮ್ನೆ ನೋಡೋಕೆ ಹೋಗಿ, ಮರಿಗೆ ದೂರದಿಂದ ಕುದುರೆ ತೋರಿಸಿ ಬನ್ನಿ. ಓಟದ ನಡುವೆ ಮೊದಲ ಸಲ ಕುದುರೆ ಕಂಡ ನಾಯಿ ಹಕ್ಕಿ ಮರೆತು ಬೊಗಳುತ್ತಾ ನಿಲ್ಲುತ್ತದೆ.

ಸೆಕೆಯ ವಿಷಯದಲ್ಲಿ ಮಾತ್ರ ಯಾರ ಮಾತೂ ಕೇಳಬೇಡಿ. ಈ ಜಾತಿಗೆ ನಿಲ್ಲೋದು ಗೊತ್ತಿಲ್ಲ, ಬೀಳುವ ತನಕ ಓಡುತ್ತವೆ. ಬೇಸಿಗೆಯಲ್ಲಿ ಸೂರ್ಯ ಏರುವ ಮುಂಚೆ ಮುಗಿಸಿ. ನಾಲಿಗೆ ಅಗಲವಾಗಿ ಜೋತುಬಿದ್ದರೆ, ಹೆಜ್ಜೆ ತಪ್ಪಿದರೆ ಅಲ್ಲಿಗೇ ನಿಲ್ಲಿಸಿ, ಹೊಟ್ಟೆ, ತೊಡೆಸಂದಿಗೆ ನೀರು ಹಾಕಿ, ವೆಟ್‌ಗೆ ಫೋನ್ ಮಾಡಿ. ಮನೆಗೆ ಬಂದ ಮೇಲೆ ಕಿವಿ, ಕಾಲ್ಬೆರಳ ಸಂದು, ಕಂಕುಳು ನೋಡಿ. ಮುಳ್ಳಿನ ಹುಲ್ಲುತೆನೆ ಚರ್ಮದೊಳಕ್ಕೆ ಇಳಿಯುತ್ತದೆ, ಉಣ್ಣೆ ಅಂತೂ ಇದ್ದೇ ಇರುತ್ತದೆ.

ಟೆಸ್ಟ್ ದಿನ

ಹೆಸರು ಕೊಡೋಕೆ ಕೊನೆಯ ದಿನಾಂಕ ಮುಂಚೆಯೇ ಮುಗಿದಿರುತ್ತದೆ, ನೋಡಿಕೊಳ್ಳಿ. ಬೆದೆಯಲ್ಲಿರುವ ಹೆಣ್ಣುನಾಯಿ ಓಡುವ ಹಾಗಿಲ್ಲ. ಮರಿ ಆಗದ ಹಾಗೆ ಆಪರೇಷನ್ ಆದ ನಾಯಿಗೆ ಅಡ್ಡಿಯಿಲ್ಲ. ಎಲೆಕ್ಟ್ರಿಕ್ ಕಾಲರ್ ಮೈದಾನದಲ್ಲಿ ನಡೆಯಲ್ಲ, ಕಾರಿನಲ್ಲೇ ಬಿಡಿ. ನೀವು ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣದ ಜಾಕೆಟ್, ಟೋಪಿ ಹಾಕಿಕೊಳ್ಳಿ. ಖಾಲಿ ತೋಟಾದ ಪಿಸ್ತೂಲು ಕ್ಲಬ್ ಕೊಡುತ್ತದಾ ಅಂತ ಸೆಕ್ರೆಟರಿಯನ್ನು ಮೊದಲೇ ಕೇಳಿ. ನಾಯಿಗೆ ಹಿಂದಿನ ರಾತ್ರಿ ಊಟ ಕೊಡಿ, ಬೆಳಗ್ಗೆ ಹೊಟ್ಟೆ ತುಂಬಿಸಬೇಡಿ. ನಿಮಗೆ ಮಾತ್ರ ಡಬ್ಬಿ ಇರಲಿ, ಸರದಿ ಬರುವುದು ತಡ. ನಾನು ಪುಳಿಯೋಗರೆ ಒಯ್ಯುತ್ತೇನೆ. ಪಕ್ಕದ ಟ್ರಕ್‌ನ, ಬ್ರಿಟನಿ ತಳಿಯ ನಾಯಿ ಸಾಕುವ ಅಜ್ಜ ಈಗ ನಾಯಿಗಿಂತ ಮೊದಲು ಡಬ್ಬಿಯನ್ನು ವಿಚಾರಿಸುತ್ತಾರೆ.

ಸರದಿಗೆ ಹತ್ತು ನಿಮಿಷ ಮೊದಲು ನಾಯಿಯನ್ನು ಇಳಿಸಿ, ಹೊಟ್ಟೆ ಖಾಲಿ ಮಾಡಿಸಿ, ನೀರು ಕುಡಿಸಿ. ಜಡ್ಜ್ ಹೇಳಿದ ಮೇಲೆ ಬಿಡಿ. ಮೊದಲ ಎರಡು ನಿಮಿಷ ಎರಡೂ ನಾಯಿ ಆಟಕ್ಕೆ ಬೀಳಬಹುದು. ನೀವು ನಿಲ್ಲದೆ ಮುಂದೆ ನಡೆಯಿರಿ, ತಾವೇ ಬರುತ್ತವೆ. ವಿಷಲ್ ಕಮ್ಮಿ ಊದಿ. ಊದಿ ಊದಿ ನಾಯಿ ಕೇಳದಿದ್ದರೆ ಅದು ಮಾತು ಕೇಳಲ್ಲ ಅಂತ ನೀವೇ ಜಡ್ಜ್‌ಗೆ ತೋರಿಸಿದ ಹಾಗೆ. ಹಕ್ಕಿ ಇಟ್ಟ ಜಾಗಕ್ಕೆ ಬಂದಾಗ ಗಾಳಿ ಎತ್ತಲಿಂದ ಬೀಸುತ್ತಿದೆ ನೋಡಿ, ನಾಯಿಗೆ ಅನುಕೂಲ ಆಗುವ ಕಡೆಯಿಂದ ಒಳಗೆ ಹೋಗಿ.

ನಿಂತಳಾ? ಕೈ ಎತ್ತಿ "ಪಾಯಿಂಟ್" ಅಂತ ಕೂಗಿ. ಓಡಬೇಡಿ, ಬೇಗ ನಡೆಯಿರಿ. ಪಕ್ಕದಿಂದ ಸುತ್ತಿ ಅವಳ ಮುಂದೆ ಬಂದು ಹುಲ್ಲನ್ನು ಕಾಲಿನಿಂದ ಒದೆಯಿರಿ. ಹಕ್ಕಿ ಎದ್ದಮೇಲೆ ಪಿಸ್ತೂಲು ಮೇಲಕ್ಕೆ ಹಿಡಿದು ಹೊಡೆಯಿರಿ. ಗಾಬರಿಯಲ್ಲಿ ಇದನ್ನೇ ಮರೆಯುವವರು ಬಹಳ. ಪಕ್ಕದ ನಾಯಿ ಪಾಯಿಂಟ್‌ನಲ್ಲಿದ್ದರೆ ನಿಮ್ಮದನ್ನು ಅತ್ತ ಬಿಡಬೇಡಿ, ಕಾಲರ್ ಹಿಡಿದುಕೊಳ್ಳಿ ಅಥವಾ ಬೇರೆ ಕಡೆ ತಿರುಗಿಸಿ. ಒಂದು ಹಕ್ಕಿ ಸಿಕ್ಕಿತು ಅಂತ ಲೀಷ್ ಹಾಕಿಬಿಡಬೇಡಿ, ಉಳಿದ ನಿಮಿಷಗಳಲ್ಲೂ ಹುಡುಕಾಟಕ್ಕೆ ಅಂಕ ಓಡುತ್ತಿರುತ್ತದೆ.

ಮುಗಿದ ಮೇಲೆ ಅಂಕದ ಹಾಳೆ ನೋಡಿ, ಯಾವ ಸಾಲಿನಲ್ಲಿ ಕಮ್ಮಿ ಬಂತು ಅಂತ ಬರೆದುಕೊಳ್ಳಿ. ಪಾಯಿಂಟ್‌ನಲ್ಲಿ 5 ಬಂದಿದ್ದರೆ ಮತ್ತೆ ಪಾರಿವಾಳ, ಲಾಂಚರ್. ಮಾತು ಕೇಳುವುದರಲ್ಲಿ ಕಮ್ಮಿ ಬಂದಿದ್ದರೆ ಹಿತ್ತಲು, ವಿಷಲ್, ತಿಂಡಿ. ಶನಿವಾರ, ಭಾನುವಾರ ಎರಡೂ ದಿನ ಟೆಸ್ಟ್ ಇಡುವ ಕ್ಲಬ್‌ಗಳು ಬಹಳ, ನಾಲ್ಕು ಪಾಸು ಬೇಗ ಆಗಲಿ ಅಂತ ಎರಡಕ್ಕೂ ಹೆಸರು ಕೊಡಬೇಕು ಅನ್ನಿಸುತ್ತದೆ. ಒಂದು ವರ್ಷ ತುಂಬದ ಮರಿಯಾದರೆ ಶನಿವಾರ ಒಂದಕ್ಕೇ ಕೊಡಿ. ಭಾನುವಾರ ಹೊತ್ತಿಗೆ ಅದರ ಪಾದ ಸವೆದಿರುತ್ತದೆ, ಮೂಗೂ ದಣಿದಿರುತ್ತದೆ.